‘ಎಷ್ಟು ಸೆಂಟು ಬಿತ್ತು ನಿನ್ನೆ’: ಮೂರ್ನಾಡಿನ ಗೋದಾಮಿನಲ್ಲಿ ಒಂದು ಹಾಡು ರೂಪುಗೊಂಡ ಬಗೆ

ಕೊಡಗಿನ ಮೂರ್ನಾಡಿನ ಹತ್ತಿರದ ಕಾಫಿ ತೋಟವೊಂದರ ಹಳೆಯ ಗೋದಾಮಿನಲ್ಲಿ ನಾಲ್ವರ ಬ್ಯಾಂಡೊಂದು ವಾರಾಂತ್ಯಗಳಲ್ಲಿ ಅಭ್ಯಾಸಕ್ಕೆ ಸೇರುತ್ತದೆ. ಗಿಟಾರ್ ನುಡಿಸುವವನು ಅದೇ ತೋಟದ ಕೊಡವ ಮನೆಯ ಹುಡುಗ. ಹಾಡುವವಳು ಮಡಿಕೇರಿ ತಾಲ್ಲೂಕಿನ, ಕನ್ನಡದ ಒಳನುಡಿಯಾದ ಅರೆಭಾಷೆ ಮನೆಮಾತಿನವಳು. ಬೇಸ್ ಗಿಟಾರ್‌ನವನು ಸೋಮವಾರಪೇಟೆ ಕಡೆಯವನು; ಡ್ರಮ್ಸ್‌ನವನು ಕುಶಾಲನಗರದಿಂದ ಬರುತ್ತಾನೆ. ನಾನು ಯಾವ ವಾದ್ಯವನ್ನೂ ನುಡಿಸುವುದಿಲ್ಲ. ಸಾಹಿತ್ಯ ಬರೆಯುವುದು, ತಿದ್ದುವುದು, ಯಾವ ದಿನ ಏನು ಬದಲಾಯಿತು ಎಂಬುದನ್ನು ಪುಸ್ತಕದಲ್ಲಿ ಗುರುತಿಟ್ಟುಕೊಳ್ಳುವುದು ನನ್ನ ಪಾಲಿನ ಕೆಲಸ. ಒಂದು ಮಾರ್ಚ್‌ನಲ್ಲಿ ಮೊಳೆತು ಅದೇ ವರ್ಷದ ನವೆಂಬರ್‌ನಲ್ಲಿ ಧ್ವನಿಮುದ್ರಣಗೊಂಡ ಹಾಡೊಂದರ ಪೂರ್ತಿ ವಿವರವನ್ನು ಆ ಪುಸ್ತಕ ನೋಡಿಕೊಂಡೇ ಇಲ್ಲಿ ಬರೆಯುತ್ತಿದ್ದೇನೆ. ತಂಡದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಈ ಹಾಡನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕನ್ನಡದಲ್ಲಿ ಹಾಡು ಕಟ್ಟಲು ಹೊರಟ ಬಹಳಷ್ಟು ಬ್ಯಾಂಡುಗಳು ಎಡವುವ ಜಾಗದಲ್ಲೇ ಇದೂ ಎಡವಿತು, ಮತ್ತು ಅಲ್ಲಿಂದ ಎದ್ದು ಬಂದ ದಾರಿ ಸ್ಪಷ್ಟವಾಗಿ ಕಾಣುವಂತಿದೆ. ರಾಗ ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು, ಎರಡೂ ಒಂದಕ್ಕೊಂದು ಒಗ್ಗಲಿಲ್ಲ. ತಪ್ಪು ಮಾತಿನಲ್ಲಿದೆ ಎಂದು ಸಾಮಾನ್ಯವಾಗಿ ಎಲ್ಲರೂ ತಿಳಿಯುತ್ತಾರೆ. ನನ್ನ ಪ್ರಕಾರ ತಪ್ಪು ಇರುವುದು ಮಾತು ಹುಟ್ಟುವುದಕ್ಕೂ ಮೊದಲಿನ ಗುನುಗುವಿಕೆಯಲ್ಲಿ.

ವಿಷಯ ಸಿಕ್ಕಿದ್ದು

ಮಾರ್ಚ್ ತಿಂಗಳ ಒಂದು ಭಾನುವಾರ ಅಭ್ಯಾಸ ನಡೆಯುತ್ತಿದ್ದಾಗ ಗಿಟಾರ್ ಹುಡುಗನ ತಾಯಿ ಗೋದಾಮಿನ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತನಾಡುತ್ತಿದ್ದರು. ಹಿಂದಿನ ರಾತ್ರಿ ಬೆಟ್ಟದಾಚೆ ಗುಡುಗಿತ್ತು. ನಾಪೋಕ್ಲಿನ ಅಕ್ಕನಿಗೆ ಒಂದು ಕರೆ, ಸಿದ್ದಾಪುರದ ಭಾವನಿಗೆ ಒಂದು ಕರೆ, ಪೊನ್ನಂಪೇಟೆಯ ಚಿಕ್ಕಮ್ಮನಿಗೆ ಇನ್ನೊಂದು. ಯೋಗಕ್ಷೇಮಕ್ಕೂ ಮೊದಲು ಎಲ್ಲರಿಗೂ ಕೇಳಿದ ಪ್ರಶ್ನೆ ಒಂದೇ: ‘ಎಷ್ಟು ಸೆಂಟು ಬಿತ್ತು?’

ಕೊಡಗಿನ ಹೊರಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿನ ತೋಟದವರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿ ಅಳೆಯುತ್ತಾರೆ. ನೂರು ಸೆಂಟು ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅಂಗಳದಲ್ಲಿ ಮಳೆಮಾಪಕ, ಮನೆಯೊಳಗೆ ಅದರ ಲೆಕ್ಕ ಬರೆದಿಡುವ ಪುಸ್ತಕ ಇರುವುದು ಇಲ್ಲಿ ವಿಶೇಷವಲ್ಲ. ಮಾರ್ಚ್–ಏಪ್ರಿಲ್‌ನ ಹೂಮಳೆಯ ಮೇಲೆ ವರ್ಷದ ಬೆಳೆ ನಿಂತಿದೆ. ಬಿಸಿಲಿಗೆ ಒಣಗಿ ಕಾದಿರುವ ರೊಬಸ್ಟಾ ಕಾಫಿಯ ಮೊಗ್ಗಿಗೆ ಸಾಕಷ್ಟು ಮಳೆ ಸಿಕ್ಕರೆ ವಾರ ಹತ್ತು ದಿನಗಳಲ್ಲಿ ಇಡೀ ತೋಟ ಬೆಳ್ಳಗಾಗುತ್ತದೆ. ಅರೆಬರೆ ಮಳೆ ಬಿದ್ದರೆ ಮೊಗ್ಗು ಎಚ್ಚೆತ್ತೂ ಅರಳಲಾರದೆ ಕರಟುತ್ತದೆ. ಕೆರೆಯಲ್ಲಿ ನೀರಿದ್ದವರು ಆಗ ಸ್ಪ್ರಿಂಕ್ಲರ್ ಹಾಕಿ ಉಳಿಸಿಕೊಳ್ಳುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಹೂ ಅರಳಿದ ದಿನವೇ ಮಳೆ ಬಂದರೂ ಕಷ್ಟ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಗಾಳಿ ಮತ್ತು ಜೇನುನೊಣ ತರಬೇಕಾದ ಆ ಪರಾಗ ನೀರಿನಲ್ಲಿ ತೊಳೆದು ಹೋಗುತ್ತದೆ. ಇದರ ಮೇಲೆ ಮತ್ತೊಂದು ಸಂಕಟ: ಮಾರ್ಚ್‌ನಲ್ಲಿ ಕೊಯ್ದ ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿರುತ್ತದೆ. ಗಿಡಕ್ಕೆ ಬೇಕಾದ ಮಳೆ ಕಣಕ್ಕೆ ಬೇಡ. ಗುಡುಗು ಕೇಳಿದೊಡನೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಕಣಕ್ಕೆ ಓಡುತ್ತಾರೆ, ಮಳೆ ಬರಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಲೇ ಓಡುತ್ತಾರೆ.

ಪ್ರೇಮಿಗಳನ್ನು ನೆನೆಸುವ ಮಳೆಯ ಹಾಡುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಗಿಟಾರ್ ಹುಡುಗ ಆಗ ಗುನುಗುತ್ತಿದ್ದದ್ದೂ ಅಂಥದೇ ಒಂದು. ತಾಯಿಯ ಫೋನ್ ಮಾತು ಕೇಳಿ ಬೇಸ್‌ನವನು, ‘ನಮ್ಮ ಮಳೆ ಹೀಗಿರುವಾಗ ನಾವು ಯಾರ ಮಳೆಯನ್ನು ಹಾಡುತ್ತಿದ್ದೇವೆ?’ ಎಂದ. ವಿಷಯ ಅಲ್ಲಿಗೆ ನಿಶ್ಚಯವಾಯಿತು.

ರಾಗ ಮೊದಲು, ಮಾತು ಆಮೇಲೆ

ಈ ತಂಡದಲ್ಲಿ ಸಾಮಾನ್ಯವಾಗಿ ರಾಗ ಮೊದಲು ಬರುತ್ತದೆ. ಗಿಟಾರ್ ಹುಡುಗ ನಾಲ್ಕು ಕಾರ್ಡ್‌ಗಳನ್ನು (ಒಟ್ಟಿಗೆ ಮೀಟುವ ಸ್ವರಗುಚ್ಛಗಳನ್ನು) ಸುತ್ತಿಸುತ್ತ ಬಾಯಿಗೆ ಬಂದ ಅರ್ಥವಿಲ್ಲದ ಶಬ್ದಗಳಲ್ಲಿ ರಾಗವನ್ನು ಗುನುಗಿ ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸುತ್ತಾನೆ. ನಾನು ಅದಕ್ಕೆ ಮಾತು ಕೂರಿಸಬೇಕು. ಚಿತ್ರರಂಗದಲ್ಲಿ ಇದಕ್ಕೆ ಡಮ್ಮಿ ಸಾಹಿತ್ಯ ಎನ್ನುತ್ತಾರೆ. ಟ್ಯೂನಿಗೆ ಬರೆಯುವ ಪದ್ಧತಿ ನಮ್ಮಲ್ಲಿ ಹೊಸದೇನಲ್ಲ.

ಈ ಸಲ ಬಂದ ರಾಗ ಸೊಗಸಾಗಿತ್ತು. ನಾಲ್ಕರ ನಡೆ, ಸಾಲಿನ ಮೊದಲ ಸ್ವರ ಎರಡು ಎಣಿಕೆಯಷ್ಟು ಉದ್ದ, ಆಮೇಲೆ ಮೂರು ಗಿಡ್ಡ ಸ್ವರಗಳು. ಅವನು ಗುನುಗಿದ ಶಬ್ದಗಳೆಲ್ಲ ‘ಓ ಯೇ ಲವ್ ದ’ ಎಂಬ ಧಾಟಿಯವು. ಚಿಕ್ಕಂದಿನಿಂದ ಕೇಳಿದ ಇಂಗ್ಲಿಷ್ ಹಾಡುಗಳ ಧ್ವನಿ ಅವನ ಬಾಯಲ್ಲಿ ತಾನಾಗಿ ಬರುತ್ತದೆ. ನಾನು ಬರೆದ ಮೊದಲ ಸಾಲು ‘ಮಳೆ ಬಂತು ಕಣದ ಮೇಲೆ’. ಓದಲು ಏನೂ ಕೊರತೆಯಿಲ್ಲ. ಗಾಯಕಿ ಹಾಡಿದಾಗ ಕಿವಿಗೆ ಬಿದ್ದದ್ದು ‘ಮಾಳೆ ಬಂತು ಕಾಣದ ಮೇಲೆ’. ಮಳೆ ಯಾವುದೋ ಹೊಲದ ಮಾಳವಾಯಿತು, ಕಣ ಕಣ್ಣಿಗೆ ಕಾಣದ್ದಾಯಿತು. ಅವಳು ಹ್ರಸ್ವವನ್ನು ಹ್ರಸ್ವವಾಗಿಯೇ ಹಾಡಲು ಹೋದರೆ ಉಳಿದ ಎಣಿಕೆ ಖಾಲಿಯಾಗಿ ಸಾಲು ಮುರಿದು ಬೀಳುತ್ತಿತ್ತು.

ಸಮಸ್ಯೆಯ ಬುಡ ಇಲ್ಲಿದೆ. ಇಂಗ್ಲಿಷಿನಲ್ಲಿ ಪದದ ಒಂದು ಭಾಗಕ್ಕೆ ಒತ್ತು ಬೀಳುತ್ತದೆ. ಒತ್ತು ಬಿದ್ದ ಸ್ವರವನ್ನು ಹಾಡಿನಲ್ಲಿ ಎಷ್ಟು ಎಳೆದರೂ ಪದ ಕೆಡುವುದಿಲ್ಲ. ಕನ್ನಡ ನಿಂತಿರುವುದು ಅಕ್ಷರದ ಅಳತೆಯ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅದು ತಪ್ಪಿದರೆ ಪದವೇ ಬೇರೆಯಾಗುತ್ತದೆ. ನಮ್ಮ ಜನಪದ ಗಾಯಕರು, ವಚನ ಹಾಡುವವರು ಸ್ವರ ಎಳೆಯುವುದಿಲ್ಲವೇ ಎಂದು ಡ್ರಮ್ಸ್‌ನವನು ಕೇಳಿದ. ಎಳೆಯುತ್ತಾರೆ, ಆದರೆ ಹೆಚ್ಚಾಗಿ ಸಾಲಿನ ಕೊನೆಯಲ್ಲಿ, ಪದ ಪೂರ್ತಿ ಕಿವಿಗೆ ಬಿದ್ದ ಮೇಲೆ. ಪದದ ಮೊದಲ ಹ್ರಸ್ವವನ್ನೇ ಹಿಗ್ಗಿಸಿದರೆ ಕೇಳುವವನು ಆ ಪದವನ್ನು ಹುಡುಕುತ್ತಿರುವಾಗಲೇ ಹಾಡು ಎರಡು ಸಾಲು ಮುಂದೆ ಹೋಗಿರುತ್ತದೆ.

ಏಪ್ರಿಲ್ ಪೂರ್ತಿ ನಾನು ಪದ ಬದಲಾಯಿಸುತ್ತ ಹೋದೆ. ದೀರ್ಘದಿಂದ ಶುರುವಾಗುವ ಪದಗಳನ್ನು ಹುಡುಕಿ ಹುಡುಕಿ ಇಟ್ಟೆ: ಮೋಡ, ತೋಟ, ಬಾನು, ಗಾಳಿ. ಹಾಡು ಶಾಲೆಯ ಪಠ್ಯದ ಪದ್ಯದಂತೆ ಕೇಳತೊಡಗಿತು. ಆ ತಾಯಿಯ ಫೋನಿನ ಪ್ರಶ್ನೆಯಲ್ಲಿದ್ದ ಬಿಸಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮೇ ತಿಂಗಳಿನಲ್ಲಿ ಹಾಡನ್ನು ಬದಿಗಿಡುವ ಮಾತೂ ಬಂತು.

ಒಂದು ಎರಡು ಮೂರು ನಾಲ್ಕು

ತಿರುವು ಬಂದದ್ದು ಯಾರೂ ಹುಡುಕದ ಕಡೆಯಿಂದ. ಡ್ರಮ್ಸ್‌ನವನು ಎಲ್ಲ ಬ್ಯಾಂಡಿನವರಂತೆ ಕೋಲು ತಟ್ಟಿ ‘ವನ್, ಟೂ, ತ್ರೀ, ಫೋರ್’ ಎಂದು ಎಣಿಸಿ ಹಾಡು ಶುರು ಮಾಡುತ್ತಾನೆ. ಒಂದು ದಿನ ಗಾಯಕಿ, ಸಾಲು ಎಲ್ಲಿ ಶುರುವಾಗುತ್ತದೆಂದು ತಿಳಿಯಲು, ಮಾತಿನ ಬದಲು ಕನ್ನಡದ ಅಂಕಿಗಳನ್ನು ರಾಗಕ್ಕೆ ಹಾಕಿ ಹಾಡಿದಳು: ‘ಒಂದು ಎರಡು ಮೂರು ನಾಲ್ಕು, ಐದು ಆರು ಏಳು ಎಂಟು’. ರಾಗ ತಾನಾಗಿ ವಾಲಿತು. ನಾಲ್ಕರ ನಡೆ ಬಿಟ್ಟು ಮೂರರ ಹೆಜ್ಜೆ ಹಿಡಿಯಿತು. ಬೇಸ್‌ನವನು ತಲೆಯೆತ್ತಿ ನೋಡಿ, ‘ಇನ್ನೊಮ್ಮೆ ಹಾಡು’ ಎಂದ.

ನಾನು ಪುಸ್ತಕದಲ್ಲಿ ಅವುಗಳ ಮಾತ್ರೆ ಹಾಕಿ ನೋಡಿದೆ. ‘ಒಂದು’: ಅನುಸ್ವಾರವಿರುವ ಒಂ ಗುರು, ದು ಲಘು, ಒಟ್ಟು ಮೂರು. ‘ಎರಡು’: ಮೂರು ಲಘು, ಮೂರು. ‘ಮೂರು’, ‘ನಾಲ್ಕು’, ‘ಐದು’, ‘ಆರು’, ‘ಏಳು’, ‘ಎಂಟು’ ಎಲ್ಲವೂ ಮೂರು ಮೂರು ಮಾತ್ರೆ. ಒಂಬತ್ತಕ್ಕೆ ಬಂದಾಗ ಮಾತ್ರ ಐದಾಗಿ ತಪ್ಪುತ್ತದೆ. ಹತ್ತು ಮತ್ತೆ ಮೂರು. ಛಂದಸ್ಸಿನಲ್ಲಿ ಮೂರು ಮಾತ್ರೆಯ ಗಣಗಳ ಈ ನಡೆ ಉತ್ಸಾಹ ರಗಳೆಯದು ಎಂದು ಪಾಠ ಮಾಡಿದ್ದೇನೆ. ಎಂಟರವರೆಗೆ ಎಣಿಸುವ ಮಗುವಿನ ಬಾಯಲ್ಲಿ ಅದು ಸಿದ್ಧವಾಗಿ ಕುಳಿತಿದೆ ಎಂಬುದು ಆ ಗೋದಾಮಿನಲ್ಲಿ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಂದಿನಿಂದ ಡ್ರಮ್ಸ್‌ನವನು ಈ ಹಾಡಿಗೆ ಕನ್ನಡದಲ್ಲಿ ಎಣಿಸುತ್ತಾನೆ. ಇದು ಭಾಷಾಭಿಮಾನದ ಪ್ರದರ್ಶನವಲ್ಲ, ಕೆಲಸದ ಅನುಕೂಲ. ‘ವನ್’ ಎಂದಾಗ ಕಿವಿಗೆ ಬರಿಯ ಒಂದು ಪೆಟ್ಟು ಸಿಗುತ್ತದೆ. ‘ಒಂದು’ ಎಂದಾಗ ಪೆಟ್ಟಿನೊಳಗೆ ಎರಡು ಮತ್ತು ಒಂದಾಗಿ ಒಡೆಯುವ ನಡೆಯೂ ಕೇಳುತ್ತದೆ. ನಾಲ್ವರೂ ಒಂದೇ ಓಲಾಟದಲ್ಲಿ ಒಳಗೆ ಬರುತ್ತಾರೆ.

ಗಿಟಾರ್ ಹುಡುಗ ಹಳೆಯ ರಾಗದ ಏರಿಳಿತವನ್ನು ಉಳಿಸಿಕೊಂಡು ಅಳತೆಯನ್ನು ಅಂಕಿಗಳ ಮೇಲೆ ಹೊಸದಾಗಿ ಹಾಕಿದ. ಈಗ ಮಾತಿಗೆ ತಡಕಾಡಬೇಕಾಗಲಿಲ್ಲ. ಮಾರ್ಚ್‌ನಿಂದ ಕಣ್ಣೆದುರಿಗೇ ಇದ್ದ ಪ್ರಶ್ನೆ ಬಂದು ಕುಳಿತುಕೊಂಡಿತು:

ಎಷ್ಟು ಸೆಂಟು ಬಿತ್ತು ನಿನ್ನೆ?
ನಮ್ಮ ಕಡೆಗೆ ಮೋಡ ಮಾತ್ರ.

ಇದು ಪಲ್ಲವಿ. ಪ್ರತಿ ಪದವೂ ಮೂರು ಮಾತ್ರೆ, ಒಂದನ್ನೂ ಎಳೆಯಬೇಕಿಲ್ಲ, ನುಂಗಬೇಕಿಲ್ಲ. ಚರಣ ಎರಡು ವಾರದಲ್ಲಿ ಬಂತು:

ಬೆಟ್ಟದಾಚೆ ಗುಡುಗು ಕೇಳಿ
ಒಲೆಯ ಮುಂದೆ ಅಜ್ಜಿ ಎದ್ದು
ಕಣದ ಕಾಫಿ ಮುಚ್ಚಿ ಬಂದು
ಫೋನು ಹಿಡಿದು ಕೇಳುತಾಳೆ.

ಏಪ್ರಿಲ್‌ನಲ್ಲಿ ‘ಕಾಣ’ವಾಗಿ ಕಾಡಿದ ಕಣ ಇಲ್ಲಿ ‘ಕಣದ’ ಎಂದು ಮೂರು ಲಘುಗಳಾಗಿ ಸರಾಗ ಸರಿಯಿತು. ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ: ರಾಗಕ್ಕೆ ಮಾತು ಆಮೇಲೆ ಬರೆದರೂ ಅಡ್ಡಿಯಿಲ್ಲ, ಆದರೆ ಗುನುಗುವ ಅರ್ಥವಿಲ್ಲದ ಶಬ್ದ ಕನ್ನಡದ್ದಾಗಿರಲಿ. ಅಂಕಿ, ವಾರದ ಹೆಸರು, ಊರಿನ ಹೆಸರು, ಮನೆಯವರ ಹೆಸರು, ಏನಾದರೂ ಸರಿ. ಗುನುಗುವ ನಾಲಿಗೆ ಯಾವ ಭಾಷೆಯದೋ ರಾಗದ ಮೂಳೆಯೂ ಅದೇ ಭಾಷೆಯದಾಗುತ್ತದೆ.

ಮಳೆಗಾಲ, ಕರೆಂಟು, ದುಡಿ

ಜೂನ್ ಬಂತು. ಗೋದಾಮಿಗೆ ತಗಡಿನ ಮಾಡು. ಜೋರು ಮಳೆ ಹೊಡೆದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಅಭ್ಯಾಸ ನಿಲ್ಲಿಸಿ ಕಾಯಬೇಕು. ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಇಲ್ಲ. ಆಂಪ್ಲಿಫೈಯರ್ ಇಲ್ಲದೆ ಬೇಸ್ ಗಿಟಾರ್ ಮೂಕವಾಗುತ್ತದೆ, ಮೈಕ್ ಇಲ್ಲದೆ ಗಾಯಕಿಯ ದನಿ ಡ್ರಮ್ಸ್‌ನ ಅಡಿಗೆ ಬೀಳುತ್ತದೆ. ಕರೆಂಟು ಬೇಡದ ಡ್ರಮ್ಸ್ ಮಾತ್ರ ತನ್ನ ಪೂರ್ತಿ ಗಟ್ಟಿತನದಲ್ಲಿ ಉಳಿಯುತ್ತದೆ. ದನಿ ಕೇಳಬೇಕಾದರೆ ಡ್ರಮ್ಸ್‌ನವನು ಕೈ ತಗ್ಗಿಸಬೇಕಾಯಿತು. ಮೊದಲು ಕೋಲಿನ ಬದಲು ಬ್ರಷ್ ಹಿಡಿದ. ಆಮೇಲೆ ತಾಳದ ತಟ್ಟೆಗಳನ್ನು ಬಿಟ್ಟ. ಕೊನೆಗೆ ಕಾಲಿನ ಡ್ರಮ್ಮು ಮತ್ತು ಸ್ನೇರ್‌ನ ಅಂಚಿನ ಟಕ್ ಎಂಬ ಸದ್ದು, ಇಷ್ಟೇ ಉಳಿಯಿತು. ಕರೆಂಟು ಬಂದ ಮೇಲೂ ಅವನು ಬಿಟ್ಟದ್ದನ್ನು ಮತ್ತೆ ತುಂಬಲಿಲ್ಲ. ಈ ಸಂಯಮಕ್ಕೆ ನಾನು ಅವನಿಗೆ ಕೈಮುಗಿಯುತ್ತೇನೆ. ಕೈಯಲ್ಲಿ ಕಸುಬಿರುವವನಿಗೆ ಸುಮ್ಮನಿರುವುದು ಬಹಳ ಕಷ್ಟದ ಕೆಲಸ.

ಖಾಲಿಯಾದ ಆ ಜಾಗಕ್ಕೆ ಕೊಡವರ ತೊಗಲುವಾದ್ಯ ದುಡಿ ಬಂತು. ಗಿಟಾರ್ ಹುಡುಗನ ಸೋದರಮಾವ ದುಡಿ ಹಿಡಿದು ಹಾಡುವವರು. ತಂಡದವರೆಲ್ಲ ಅವರನ್ನು ಮಾವ ಎಂದೇ ಕರೆಯುತ್ತಾರೆ. ಒಂದು ಸಂಜೆ ಮಳೆಗೆ ಸಿಕ್ಕಿ ಗೋದಾಮಿನಲ್ಲಿ ಉಳಿದವರು ಹಾಡು ಕೇಳಿಸಿಕೊಂಡು, ‘ಇದರಲ್ಲಿ ಕೇಳುವವರು ಒಬ್ಬರು, ಹೇಳುವವರು ಇನ್ನೊಬ್ಬರು ಅಲ್ಲವೇ? ಎರಡನ್ನೂ ಈ ಹುಡುಗಿಯೇ ಯಾಕೆ ಹಾಡಬೇಕು?’ ಎಂದರು.

ಕೊಡವರ ದುಡಿ ಹಾಡಿನಲ್ಲಿ ನಾಲ್ವರು ದುಡಿ ಹಿಡಿದು ಇಬ್ಬಿಬ್ಬರಾಗಿ ಹಾಡುತ್ತಾರೆ. ಮೊದಲ ಜೋಡಿ ಸಾಲು ಎತ್ತಿದರೆ ಎರಡನೆಯ ಜೋಡಿ ಅದನ್ನು ಹಿಡಿಯುತ್ತದೆ. ಮದುವೆಯಿಂದ ಸಾವಿನವರೆಗೆ, ಸುಗ್ಗಿಯ ಹಬ್ಬ ಪುತ್ತರಿಯಿಂದ ದೇವರ ಕಥೆಯವರೆಗೆ ಸಂದರ್ಭಕ್ಕೆ ತಕ್ಕ ಹಾಡುಗಳಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಇವುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದ್ದರಿಂದ ಯಾವ ಹಾಡು ಯಾವ ಸಂದರ್ಭಕ್ಕೆ ಸೇರಿದ್ದು ಎಂಬುದನ್ನು ನಮ್ಮಂಥ ಹೊರಗಿನವರೂ ನೋಡಿ ತಿಳಿಯಬಹುದು. ಮಾವ ಮೊದಲೇ ಒಂದು ಗೆರೆ ಹಾಕಿದರು: ಸಾವಿನ ಮನೆಯ ಚಾವು ಪಾಟ್‌ನ ಧಾಟಿಯ ಹತ್ತಿರಕ್ಕೂ ಹೋಗಬಾರದು, ಯಾವ ಹಾಡಿನ ರಾಗವನ್ನೂ ಎತ್ತಿಕೊಳ್ಳಬಾರದು. ಹಂಚಿಕೊಂಡು ಹಾಡುವ ಕ್ರಮವನ್ನು ಕಲಿಯಲು ಅಡ್ಡಿಯಿಲ್ಲ. ಜನಪದದ ಬಾಗಿಲು ಯಾವಾಗಲೂ ತೆರೆದಿದೆ ಎಂದು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವ ಬ್ಯಾಂಡುಗಳು ಇಂಥ ಹಿರಿಯರೊಬ್ಬರನ್ನು ಮೊದಲು ಕೇಳಬೇಕು.

ಹೀಗೆ ಪಲ್ಲವಿ ಒಡೆಯಿತು. ‘ಎಷ್ಟು ಸೆಂಟು ಬಿತ್ತು ನಿನ್ನೆ’ ಎಂದು ಗಾಯಕಿ ಮತ್ತು ಬೇಸ್‌ನವನು ಕೇಳುತ್ತಾರೆ. ‘ನಮ್ಮ ಕಡೆಗೆ ಮೋಡ ಮಾತ್ರ’ ಎಂದು ಗಿಟಾರ್‌ನವನು ಮತ್ತು ಡ್ರಮ್ಸ್‌ನವನು ಉತ್ತರಿಸುತ್ತಾರೆ. ಹಿಂದೆಂದೂ ಬಾಯಿ ಬಿಡದ ಡ್ರಮ್ಸ್‌ನವನ ದನಿ ಒರಟು, ಆದರೆ ಮಳೆ ಬಾರದ ಊರಿನವನ ಉತ್ತರಕ್ಕೆ ಆ ಒರಟುತನವೇ ಸರಿಯಾಗಿತ್ತು.

ದುಡಿಯನ್ನು ಹತ್ತಿರದಿಂದ ನೋಡಿದ್ದು ಆಗಲೇ. ನಡು ಸಣ್ಣಗಿರುವ ಪುಟ್ಟ ವಾದ್ಯ. ಎಡಗೈಯ ಹಿಡಿತದಲ್ಲಿ ನಿಲ್ಲುತ್ತದೆ, ಬಲಗೈಯಲ್ಲಿ ತೆಳ್ಳನೆಯ ಕೋಲು. ನಡುವಿನ ದಾರಗಳನ್ನು ಬೆರಳಿನಿಂದ ಬಿಗಿದರೆ ದನಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಜುಲೈನ ತೇವಕ್ಕೆ ತೊಗಲು ಸಡಿಲಾಗಿ ದನಿ ಮಂಕಾಗುತ್ತಿತ್ತು. ಮಾವ ಬಂದೊಡನೆ ಮೊದಲು ಮನೆಯ ಒಲೆಯ ಬಳಿ ಕುಳಿತು, ಕೆಂಡದ ಕಾವಿಗೆ ತೊಗಲನ್ನು ಒಡ್ಡಿ, ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಒಡ್ಡಿ, ಹದ ಬಂದ ಮೇಲೆ ಗೋದಾಮಿಗೆ ಬರುತ್ತಿದ್ದರು. ಆ ಹದ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಆದ್ದರಿಂದ ದುಡಿ ಬೇಕಾದ ಭಾಗಗಳನ್ನೆಲ್ಲ ಅಭ್ಯಾಸದ ಮೊದಲಿಗೇ ಮುಗಿಸುವ ರೂಢಿಯಾಯಿತು.

ಶ್ರುತಿ ಮತ್ತು ವೇಗ

ರಾಗ ಹುಟ್ಟಿದ್ದು ಗಿಟಾರ್ ಹುಡುಗನ ಗಂಟಲಿಗೆ ಒಪ್ಪುವ ಇ ಶ್ರುತಿಯಲ್ಲಿ. ಗಾಯಕಿಗೆ ಚರಣ ತೀರ ಕೆಳಗಾಗಿ ಪದಗಳು ಉಸಿರಿನಲ್ಲಿ ಕರಗುತ್ತಿದ್ದವು. ಶ್ರುತಿಯನ್ನು ಎ ಗೆ ಏರಿಸಿದರು. ಗಿಟಾರ್‌ನವನು ಬೆರಳಿನ ಅಭ್ಯಾಸ ಬದಲಾಯಿಸದೆ ಐದನೆಯ ಮನೆಗೆ ಕೇಪೊ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿಕೊಂಡ. ಇದರಿಂದ ಗಿಟಾರ್‌ನ ದಪ್ಪ ತಂತಿಗಳ ಗುಂಯ್ ಎಂಬ ತುಂಬುದನಿ ಹೋಗಿ ಸದ್ದು ತೆಳುವಾಯಿತು. ಅವನಿಗೆ ಬೇಸರವಾಯಿತು, ಹಾಡಿಗೆ ಒಳ್ಳೆಯದಾಯಿತು. ಕೆಳಗಿನ ಜಾಗ ಪೂರ್ತಿ ಬೇಸ್‌ಗೆ ಸಿಕ್ಕಿತು. ಅವನು ತೆರೆದ ಎ ತಂತಿಯನ್ನು ಪಲ್ಲವಿಯುದ್ದಕ್ಕೂ ಮೀಟುತ್ತ ನಿಲ್ಲಬಹುದಾಗಿತ್ತು. ನಡುವೆ ದನಿ ಮತ್ತು ದುಡಿಗೆ ಯಾರೂ ಅಡ್ಡ ಬರಲಿಲ್ಲ.

ವೇಗದ ಜಗಳ ಹೆಚ್ಚು ದಿನ ನಡೆಯಿತು. ಕುಣಿಯುವಂತಿರಲಿ ಎಂದು ನಿಮಿಷಕ್ಕೆ 108 ಪೆಟ್ಟುಗಳ ವೇಗದಲ್ಲಿ ನುಡಿಸುತ್ತಿದ್ದರು. ಒಂದು ಪೆಟ್ಟಿಗೆ ಮೂರು ಮಾತ್ರೆ. ಆ ವೇಗದಲ್ಲಿ ಒಂದು ಮಾತ್ರೆಗೆ ಸೆಕೆಂಡಿನ ಐದನೆಯ ಒಂದು ಭಾಗವೂ ಸಿಗುವುದಿಲ್ಲ. ಪಲ್ಲವಿಯ ತುಂಬ ಒತ್ತಕ್ಷರಗಳಿವೆ: ಎಷ್ಟು, ಬಿತ್ತು, ನಿನ್ನೆ, ನಮ್ಮ. ‘ಬಿತ್ತು’ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗಿ ಕ್ಷಣ ನಿಲ್ಲಬೇಕು. ಆ ನಿಲುಗಡೆಗೆ ಸಮಯ ಕೊಡದಿದ್ದರೆ ಅದು ‘ಬಿತು’ ಆಗುತ್ತದೆ. ಅವಸರದಲ್ಲಿ ಮೊದಲು ಸಾಯುವುದು ಒತ್ತಕ್ಷರ. ವೇಗ ಎಣಿಸುವ ಮೆಟ್ರೊನೋಮ್ ಇಳಿಸುತ್ತ ಬಂದು 92ಕ್ಕೆ ನಿಂತಾಗ ಪ್ರತಿ ಒತ್ತೂ ಕೇಳತೊಡಗಿತು. ಕುಣಿತ ಹೋಯಿತೇ ಎಂದು ಹೆದರಿದ್ದೆವು; ದುಡಿಯ ಪೆಟ್ಟು ಮತ್ತು ಒತ್ತಕ್ಷರದ ಪೆಟ್ಟು ಒಂದೇ ಕಡೆ ಬೀಳತೊಡಗಿ ಕುಣಿತ ಇನ್ನೂ ಗಟ್ಟಿಯಾಯಿತು.

ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಮುದ್ರಿಸಿ ಹಾಡಿನ ಆರಂಭಕ್ಕೆ ಇಡೋಣ ಎಂಬ ಸಲಹೆ ಎಲ್ಲರಿಗೂ ಹಿಡಿಸಿತ್ತು. ಗಿಟಾರ್ ಹುಡುಗ ಅದನ್ನು ಬಹಳ ಚೆನ್ನಾಗಿ ಮುದ್ರಿಸಿಯೂ ಇದ್ದ. ಗಾಯಕಿ ಒಪ್ಪಲಿಲ್ಲ. ‘ಮಳೆ ಬಂತೇ ಎಂದು ನಾನು ಕೇಳುತ್ತಿದ್ದೇನೆ. ಕೇಳುವ ಮೊದಲೇ ಅದು ಬಂದುಬಿಟ್ಟರೆ ಯಾರಿಗೆ ಬೇಕು ನನ್ನ ಪ್ರಶ್ನೆ?’ ಎಂದಳು. ಅವಳ ಮಾತಿಗೆ ಎದುರಾಡುವಂತಿರಲಿಲ್ಲ. ಹಾಡಿನಲ್ಲಿ ಈಗ ಮಳೆಯ ಸದ್ದು ಎಲ್ಲಿಯೂ ಇಲ್ಲ. ಈ ಹಾಡಿನ ವಿಷಯದಲ್ಲಿ ತಂಡ ಮಾಡಿದ ಅತಿ ಒಳ್ಳೆಯ ತೀರ್ಮಾನ ಇದೇ ಎಂದು ನನ್ನ ನಂಬಿಕೆ.

ಜನರ ಮುಂದೆ

ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ವಿರಾಜಪೇಟೆ ಕಡೆಯ ಒಂದು ಒತ್ತೋರ್ಮೆ ಕೂಟದಲ್ಲಿ, ಅಂದರೆ ಎಲ್ಲರೂ ಒಟ್ಟು ಸೇರುವ ಸಮಾರಂಭದಲ್ಲಿ, ಹಾಡನ್ನು ಮೊದಲ ಸಲ ಜನರ ಮುಂದೆ ಇಟ್ಟರು. ಮಾವ ದುಡಿ ಹಿಡಿದು ಜೊತೆಗೆ ನಿಂತರು. ಊಟದ ಹೊತ್ತು ಹತ್ತಿರವಾಗಿತ್ತು, ಹಿಂದಿನ ಸಾಲುಗಳಲ್ಲಿ ಮಾತುಕತೆ ನಡೆದಿತ್ತು. ಮೊದಲ ಪಲ್ಲವಿ ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ. ಎರಡನೆಯ ಸಲ ‘ಎಷ್ಟು ಸೆಂಟು ಬಿತ್ತು ನಿನ್ನೆ’ ಎಂದಾಗ ಬಲಗಡೆಯಿಂದ ಹಿರಿಯರೊಬ್ಬರು ಕುಳಿತಲ್ಲಿಂದಲೇ ‘ಎಂಬತ್ತು!’ ಎಂದು ಕೂಗಿದರು. ಸಭೆ ನಕ್ಕಿತು. ಮೂರನೆಯ ಸಲ ನಾಲ್ಕು ಕಡೆಯಿಂದ ಉತ್ತರ ಬಂತು: ‘ನಾಪೋಕ್ಲಿಗೆ ಮೂವತ್ತು’, ‘ನಮಗೆ ಒಂದೂವರೆ ಇಂಚು’, ‘ಹನಿಯೂ ಇಲ್ಲ’. ವೇದಿಕೆಯ ಮೇಲಿನ ಉತ್ತರದ ಜೋಡಿ ತಮ್ಮ ಸಾಲು ಹಾಡಲು ಜಾಗವಿಲ್ಲದೆ ನಿಂತಿತು. ದುಡಿ ಮತ್ತು ಕಾಲಿನ ಡ್ರಮ್ಮು ಮಾತ್ರ ನಡೆಯುತ್ತಿದ್ದವು. ಗದ್ದಲ ತಗ್ಗಿದ ಮೇಲೆ ‘ನಮ್ಮ ಕಡೆಗೆ ಮೋಡ ಮಾತ್ರ’ ಎಂದು ಇಬ್ಬರೂ ಹಾಡಿದಾಗ ಆ ಸಾಲಿಗೆ ಅಭ್ಯಾಸದಲ್ಲಿ ಎಂದೂ ಕಾಣದ ತೂಕವಿತ್ತು. ಸುತ್ತಲಿನ ಊರುಗಳಿಗೆಲ್ಲ ಮಳೆಯಾಗಿ ತನ್ನ ತೋಟಕ್ಕೆ ಮಾತ್ರ ಆಗದವನ ಸಾಲು ಅದು. ಅಲ್ಲಿದ್ದವರಲ್ಲಿ ಅದನ್ನು ಅನುಭವಿಸದವರು ವಿರಳ.

ಮರುವಾರವೇ ಹಾಡಿನ ವಿನ್ಯಾಸ ಬದಲಾಯಿತು. ಪ್ರಶ್ನೆ ಮತ್ತು ಉತ್ತರದ ನಡುವೆ ಎರಡು ಆವರ್ತ ಖಾಲಿ ಬಿಟ್ಟರು. ಧ್ವನಿಮುದ್ರಣದಲ್ಲೂ ಆ ಖಾಲಿಯನ್ನು ಉಳಿಸಿದ್ದಾರೆ. ಜನರ ಕೂಗನ್ನು ಬೇರೆ ಮುದ್ರಿಸಿ ತುಂಬುವ ಯೋಚನೆಗೆ ಯಾರೂ ಬೆಂಬಲ ಕೊಡಲಿಲ್ಲ. ಕಾರಿನಲ್ಲಿ ಕೇಳುವವರು ತಮ್ಮ ಅಂಕಿಯನ್ನು ತಾವೇ ಹೇಳಿಕೊಳ್ಳಲಿ.

ಸ್ಟುಡಿಯೊ, ಹೆಸರು, ಹಕ್ಕು

ದಸರಾ ಮುಗಿದ ಮೇಲೆ ಮೈಸೂರಿನ ಒಂದು ಸ್ಟುಡಿಯೊದಲ್ಲಿ ಮುದ್ರಣ ನಡೆಯಿತು. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹೆಡ್‌ಫೋನಿನ ಟಿಕ್ ಟಿಕ್‌ಗೆ ಕಟ್ಟುಬಿದ್ದು ನುಡಿಸುವುದು ಮಾವನಿಗೆ ಒಗ್ಗಲಿಲ್ಲ. ಆದ್ದರಿಂದ ಅವರನ್ನೂ ಗಾಯಕಿಯನ್ನೂ ಎದುರುಬದುರು ಕೂರಿಸಿ ದುಡಿ ಮತ್ತು ದನಿಯನ್ನು ಮೊದಲು ಒಟ್ಟಿಗೆ ಮುದ್ರಿಸಿ, ಉಳಿದ ವಾದ್ಯಗಳನ್ನು ಅವರ ನಡೆಗೆ ಹೊಂದಿಸಿದರು. ವೇಗ ಅಲ್ಲಲ್ಲಿ ಕೂದಲೆಳೆಯಷ್ಟು ಏರಿಳಿಯುತ್ತದೆ. ಇರಲಿ ಎಂದು ಬಿಟ್ಟರು. ಮೈಸೂರಿನ ಒಣಹವೆಗೆ ದುಡಿಯ ತೊಗಲು ಬಿಗಿಯಾಗಿ ದನಿ ಮೂರ್ನಾಡಿನಲ್ಲಿ ಕೇಳಿದ್ದಕ್ಕಿಂತ ಚುರುಕಾಗಿತ್ತು. ಅಲ್ಲಿ ಕಾಯಿಸುವ ಬದಲು ದಾರ ಸಡಿಲಿಸಬೇಕಾಯಿತು.

ಹೆಸರು ಮತ್ತು ಹಕ್ಕಿನ ವಿಷಯವನ್ನು ಮಾತ್ರ ಎಲ್ಲ ತಂಡಗಳೂ ಮುದ್ರಣಕ್ಕೆ ಮೊದಲೇ ಕುಳಿತು ಇತ್ಯರ್ಥ ಮಾಡಿಕೊಳ್ಳಬೇಕು. ಸ್ನೇಹದಲ್ಲಿ ಕಾಗದ ಯಾಕೆ ಎಂಬ ಸಂಕೋಚದಿಂದ ಮುರಿದ ತಂಡಗಳನ್ನು ಕಂಡಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಮಾತು ಒಂದು ಕೃತಿ, ಸಂಗೀತ ಇನ್ನೊಂದು ಕೃತಿ, ಧ್ವನಿಮುದ್ರಣ ಮೂರನೆಯದು. ಮಾತು ಮತ್ತು ಸಂಗೀತದ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ನುಡಿಸಿದ, ಹಾಡಿದ ಕಲಾವಿದರಿಗೆ ಪ್ರದರ್ಶಕರ ಹಕ್ಕು ಬೇರೆಯೇ ಇದ್ದು ಅದರ ಅವಧಿ 50 ವರ್ಷ. 2012ರ ತಿದ್ದುಪಡಿಯ ನಂತರ ಬರೆದವರು ಮತ್ತು ಸಂಯೋಜಿಸಿದವರು ತಮ್ಮ ರಾಯಲ್ಟಿಯ ಪಾಲನ್ನು ಸುಲಭವಾಗಿ ಬಿಟ್ಟುಕೊಡುವಂತಿಲ್ಲ. ಆ ಪಾಲನ್ನು ವಸೂಲು ಮಾಡಿ ಹಂಚಲು 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ಸ್ ಸೊಸೈಟಿ ಇದೆ.

ಗೋದಾಮಿನಲ್ಲಿ ಕುಳಿತು ಒಂದು ಹಾಳೆಯ ಒಪ್ಪಂದ ಬರೆದೆವು. ಮಾತಿಗೆ ನಾನು ಮತ್ತು ಗಾಯಕಿ, ಏಕೆಂದರೆ ಅಂಕಿಗಳನ್ನು ರಾಗಕ್ಕೆ ಹಾಕಿ ದಾರಿ ತೋರಿಸಿದವಳು ಅವಳು. ಸಂಗೀತಕ್ಕೆ ನಾಲ್ವರೂ ಸಮಪಾಲು. ಡ್ರಮ್ಸ್‌ನವನು ಸ್ವರ ಹಾಕಿಲ್ಲವಲ್ಲ ಎಂಬ ಪ್ರಶ್ನೆ ಬಂದಾಗ ಗಿಟಾರ್ ಹುಡುಗನೇ, ‘ಅವನು ಬಿಟ್ಟ ಜಾಗದಲ್ಲಿ ಅಲ್ಲವೇ ಈ ಹಾಡು ನಿಂತಿರುವುದು’ ಎಂದು ಮುಗಿಸಿದ. ಮಾವನ ಹೆಸರು ದುಡಿವಾದನಕ್ಕೆ, ಸಂಭಾವನೆಯೊಂದಿಗೆ. ಹಣ ಬೇಡವೆಂದು ಅವರು ಕೈ ಹಿಂದೆ ಸರಿಸಿದರು. ಕಸುಬಿಗೆ ಕೊಡುವ ಗೌರವ ಇದು ಎಂದು ಒತ್ತಾಯಿಸಿ ಕೊಟ್ಟೆವು.

ಒಂದು ವಿಷಯ ಇನ್ನೂ ತೀರ್ಮಾನವಾಗಿಲ್ಲ. ಕೊನೆಯ ಚರಣದಲ್ಲಿ ಅಜ್ಜಿಗೆ ಫೋನಿನ ಆಚೆಯಿಂದ ಉತ್ತರ ಬರುತ್ತದೆ. ಆ ಉತ್ತರ ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಇರಬೇಕು, ತನ್ನ ಮನೆಯಲ್ಲಿ ಅದು ಬರುವುದೇ ಹಾಗೆ ಎಂದು ಗಿಟಾರ್ ಹುಡುಗನ ವಾದ. ಅಜ್ಜಿ ತನ್ನ ಅಜ್ಜಿಯೂ ಹೌದು, ಅವಳು ಅರೆಭಾಷೆಯವಳು, ಎಲ್ಲರ ಮನೆಗೂ ಸಲ್ಲುವಂತೆ ಕನ್ನಡದಲ್ಲೇ ಇರಲಿ ಎಂದು ಗಾಯಕಿ. ಅವಳು ಹುಡುಗನ ತಾಯಿಯ ಬಳಿ ಕುಳಿತು, ಕನ್ನಡ ಲಿಪಿಯಲ್ಲಿ ನೇರ ಚಿಹ್ನೆಯಿಲ್ಲದ ಕೊಡವ ಸ್ವರಗಳನ್ನು ಶ್ರದ್ಧೆಯಿಂದ ಕಲಿತೂ ಇದ್ದಾಳೆ; ಹಾಡಲು ಬಾರದು ಎಂಬ ಕಾರಣಕ್ಕೆ ಬೇಡ ಎನ್ನುತ್ತಿಲ್ಲ. ಧ್ವನಿಮುದ್ರಣದಲ್ಲಿ ಕನ್ನಡದ ಚರಣವಿದೆ. ವೇದಿಕೆಯಲ್ಲಿ ಎದುರಿಗೆ ಯಾರು ಕುಳಿತಿದ್ದಾರೆಂದು ನೋಡಿ ಎರಡರಲ್ಲಿ ಒಂದನ್ನು ಹಾಡುತ್ತಾರೆ. ಬರೆದವನಾಗಿ ನನಗೆ ಕೊಡವ ತಕ್ಕ್‌ನ ಚರಣವೇ ಹೆಚ್ಚು ಇಷ್ಟ, ಮುಂದಿನ ಮುದ್ರಣದಲ್ಲಿ ಅದು ಇರಬೇಕೆಂದು ವಾದಿಸುತ್ತಲೇ ಇದ್ದೇನೆ. ಗಾಯಕಿ ಒಪ್ಪಿಲ್ಲ.